ಹವ್ಯಾಸ: ಗಡಿಯಾಚೆ ದುರಾಸೆ

ಪ್ರಶ್ನೆ: ಪುಣೆಯ ಮರಾಠಿ ಪತ್ರಿಕೆಗಳಲ್ಲಿ ‘ಸತ್ತೇಚಾ ಹವ್ಯಾಸ’ ಎಂದು ಬರುತ್ತದೆ. ‘ಅಧಿಕಾರದ ಹವ್ಯಾಸ’ ಎಂದೇ ಕನ್ನಡಕ್ಕೆ ತರಬಹುದೇ? ಪದ ಒಂದೇ ಅಲ್ಲವೇ?

ಪದ ಒಂದೇ, ಅರ್ಥ ಬೇರೆ. ಹಾಗೆ ತಂದರೆ ಪುಢಾರಿ ಭಾನುವಾರ ಅಂಚೆಚೀಟಿ ಜೋಡಿಸುವ ಹಾಗೆ ಅಧಿಕಾರ ಜೋಡಿಸುತ್ತಾನೆ ಎಂದಂತಾಗುತ್ತದೆ.

ಮರಾಠಿಯ ಹವ್ಯಾಸ ಎಂದರೆ ಮಿತಿಮೀರಿದ ಆಸೆ, ಹೆಚ್ಚಾಗಿ ನಿಂದೆಯ ಧಾಟಿಯಲ್ಲೇ: ಪೈಶಾಚಾ (ಹಣದ) ಹವ್ಯಾಸ, ಪ್ರಸಿದ್ಧೀಚಾ (ಪ್ರಸಿದ್ಧಿಯ) ಹವ್ಯಾಸ. ಕನ್ನಡದಲ್ಲಿ ಅದು ಬಿಡುವಿನಲ್ಲಿ ಪ್ರೀತಿಯಿಂದ ಮಾಡುವ ಕೆಲಸ. ‘ಕೆಟ್ಟ ಹವ್ಯಾಸ’ ಎನ್ನುತ್ತೇವಲ್ಲ ಎಂದರೆ, ಅಲ್ಲಿ ಕೆಟ್ಟದ್ದು ಬರುವುದು ವಿಶೇಷಣದಿಂದ. ಆ ಮಾತಿನಲ್ಲಿ ಹವ್ಯಾಸಕ್ಕೆ ಬರೀ ರೂಢಿ ಎಂಬಷ್ಟೇ ಅರ್ಥ.

ಕನ್ನಡದಿಂದ ಮರಾಠಿಗೆ ತಿರುಗಿ ಹೋಗುವಾಗ ಎಡವಟ್ಟು ಇನ್ನೂ ದೊಡ್ಡದು. ಮುಂಬಯಿ, ಪುಣೆಯ ಕನ್ನಡ ಮನೆಗಳಲ್ಲಿ ಮದುವೆಯ ಬಯೋಡೇಟಾ ಮರಾಠಿಯಲ್ಲೂ ಬರೆಸುತ್ತಾರೆ. ‘ಹವ್ಯಾಸ: ಅಡುಗೆ, ಸಂಗೀತ’ ಎಂಬ ಸಾಲನ್ನು ಲಿಪಿ ಮಾತ್ರ ಬದಲಿಸಿ ಇಟ್ಟರೆ ಬೀಗರಾಗುವವರು ಹುಬ್ಬೇರಿಸುತ್ತಾರೆ. ಅಲ್ಲಿ ಬೇಕಾದ ಪದ ‘ಛಂದ’. ಇದು ನಮ್ಮ ಕಿವಿಗೆ ಚೆಂದ ಎಂದೋ ಛಂದಸ್ಸು ಎಂದೋ ಕೇಳಿಸುತ್ತದೆ, ನಿಜ. ಆದರೆ ಸಂಸ್ಕೃತದಲ್ಲಿ ಛಂದಕ್ಕೆ ಇಚ್ಛೆ ಎಂಬ ಅರ್ಥವಿದೆ. ನಮ್ಮ ‘ಸ್ವಚ್ಛಂದ’ದೊಳಗೆ ಅದು ಇನ್ನೂ ಕೂತಿದೆ. ಹಾಗೆಯೇ ನಮ್ಮ ಹವ್ಯಾಸಿ ರಂಗಭೂಮಿ ಮರಾಠಿಯಲ್ಲಿ ‘ಹೌಶೀ ರಂಗಭೂಮಿ’.

ಇನ್ನು ‘ಸತ್ತೇಚಾ ಹವ್ಯಾಸ’ಕ್ಕೆ ಕನ್ನಡದಲ್ಲಿ ಏನು? ಸುದ್ದಿಯ ತಲೆಬರಹಕ್ಕೆ ‘ಅಧಿಕಾರದಾಹ’ ಸಾಕು. ಸಮಾಸವಾಗಿ ಗಟ್ಟಿ ನಿಲ್ಲುತ್ತದೆ. ‘ಲಾಲಸೆ’ ಗ್ರಂಥಸ್ಥ, ಧನಲಾಲಸೆಯಂಥ ಕಡೆ ಒಪ್ಪುತ್ತದೆ. ಆಸೆ ಮುಚ್ಚಿಡಲಾಗದೆ ಮೈಮೇಲೆ ಕಾಣುತ್ತಿದ್ದರೆ ‘ಹಪಾಹಪಿ’: ‘ಪಟ್ಟಿಯಲ್ಲಿ ಹೆಸರು ಬಂದೀತೇ ಎಂದು ಹಪಹಪಿಸುತ್ತಿದ್ದಾನೆ.’ ಮರಾಠಿಯ ‘ಹಪಾಪಲೇಲಾ’ (ಆಸೆಬುರುಕ) ಇದರ ಪಕ್ಕದ ಮನೆಯದೇ. ‘ಗೀಳು’ ಇಲ್ಲಿ ಬೇಡ. ಅದು ಬಿಟ್ಟೂಬಿಡದೆ ತಲೆಗೆ ಅಂಟಿಕೊಂಡದ್ದಕ್ಕೆ, ಮೊಬೈಲ್ ಗೀಳು ಎಂಬಂತೆ.

‘ಅಧಿಕಾರದ ಹಂಬಲ’ ಎಂದು ಬರೆಯುವವರೂ ಇದ್ದಾರೆ. ತಪ್ಪಲ್ಲ, ಆದರೆ ಹಲ್ಲು ಕಿತ್ತ ಹಾವು. ಹಂಬಲದಲ್ಲಿ ಇಲ್ಲದ್ದಕ್ಕಾಗಿ ಮನಸ್ಸು ಮಿಡುಕುವ ಮರುಕವಿದೆ, ಓದುವವನು ಪುಢಾರಿಯ ಪರ ಕರಗಿಬಿಡುತ್ತಾನೆ. ಅದನ್ನು ಮರಾಠಿಯ ‘ಧ್ಯಾಸ’ಕ್ಕೆ ಕಾದಿಡುವುದು ಮೇಲು: ‘ಸಂಗೀತಾಚಾ ಧ್ಯಾಸ’ ಎಂದರೆ ಸಂಗೀತದ ಹಂಬಲ. ಧಾರವಾಡ ಕಡೆಯವರು ಇಲ್ಲೊಮ್ಮೆ ಎಚ್ಚರವಿರಲಿ. ‘ನನಗ ಧ್ಯಾಸನ ಇರಲಿಲ್ಲ’ ಎನ್ನುವಾಗ ಅವರ ಧ್ಯಾಸ ಎಂದರೆ ನೆನಪು, ಗಮನ; ಆಸೆಯಲ್ಲ.

ಕ್ರಿಯಾಪದದಲ್ಲೂ ಅನುವಾದಕರು ಜಾರುತ್ತಾರೆ. ‘ಧ್ಯಾಸ ಘೇತಲಾ’ ಎಂಬುದು ‘ಹಂಬಲ ತೆಗೆದುಕೊಂಡರು’ ಆಗುವುದಿಲ್ಲ. ಹಂಬಲವನ್ನು ಹಚ್ಚಿಕೊಳ್ಳುತ್ತಾರೆ, ಇಲ್ಲವೇ ಅದು ತಾನಾಗಿ ಹತ್ತುತ್ತದೆ. ವಿಭಕ್ತಿಯೂ ಬೇರೆ: ಊರನ್ನು ಬಯಸಬಹುದು, ಹಂಬಲಿಸುವುದು ಊರಿಗಾಗಿ.