ಸಹಾಯ ಬೇಕು: ಆಮೆಗೆ ಅರಿವಳಿಕೆ, ನೋವಿನ ಔಷಧಿ

ಹಾವು, ಆಮೆಗಳಿಗೆ ಆಪರೇಷನ್ ಮಾಡುವ ಪಶುವೈದ್ಯರು ಯಾರಾದರೂ ಇದ್ದೀರಾ? ಚಿಪ್ಪು ಒಡೆದ ಕೆಂಪುಕಿವಿ ಆಮೆಯೊಂದಕ್ಕೆ ನಾಳಿದ್ದು ಅರಿವಳಿಕೆ ಕೊಡಬೇಕಿದೆ. ಅರಿವಳಿಕೆ ಅನಿಲದ ಮಾಸ್ಕ್ ಹಿಡಿದರೆ ಇವು ಉಸಿರು ಬಿಗಿಹಿಡಿದು ಸುಮ್ನೆ ಕೂತುಬಿಡುತ್ತವೆ, ಅಲ್ವಾ? ಹಾಗಾಗಿ ಪ್ರಜ್ಞೆ ತಪ್ಪಿಸುವ ಆಲ್ಫಾಕ್ಸಲೋನ್ ಚುಚ್ಚಿ, ಶ್ವಾಸನಾಳಕ್ಕೆ ಟ್ಯೂಬ್ ಹಾಕಿ, ಅರಿವಳಿಕೆ ಅನಿಲವಾದ ಐಸೊಫ್ಲುರೇನ್‌ನಲ್ಲಿ ಇಡುವ ಯೋಚನೆ. ಉಸಿರು ನಾವೇ ಕೊಡಬೇಕು, ನಿಮಿಷಕ್ಕೆ 4-5 ಸಲ.

ನನ್ನ ತಲೆಬಿಸಿ ಎಚ್ಚರವಾಗುವ ಹೊತ್ತಿನದು. ಬರೀ ಆಕ್ಸಿಜನ್ ಕೊಡುತ್ತಾ ಹೋದರೆ ತಾನಾಗಿ ಉಸಿರಾಡುವುದು ತಡವಾಗುತ್ತದೆ. ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗಿನಿಂದ ಮಾಮೂಲಿ ಗಾಳಿಗೆ ನೀವು ಯಾವಾಗ ಬದಲಾಯಿಸುತ್ತೀರಿ?

ನೋವಿಗೆ ಬ್ಯುಟಾರ್ಫನಾಲ್ ಬೇಡ, ಈ ಆಮೆಗಳಲ್ಲಿ ಅದರಿಂದ ನೋವು ತಗ್ಗುವುದಿಲ್ಲ. ಮಾರ್ಫಿನ್ ಕೆಲಸ ಮಾಡುತ್ತದೆ, ಆದರೆ ಉಸಿರನ್ನು ಜಾಸ್ತಿ ಕುಗ್ಗಿಸುತ್ತದೆ. ಟ್ರಮಡಾಲ್ ಜೊತೆ ಮೆಲಾಕ್ಸಿಕ್ಯಾಮ್ ಕೊಟ್ಟವರು ದಯವಿಟ್ಟು ಅನುಭವ ತಿಳಿಸಿ. ನಾಯಿಯ ಹಾಗೆ ಇದು ಕುಂಯ್‌ಗುಡುವುದಿಲ್ಲವಲ್ಲ, ನೋವು ಇಳಿದಿದೆ ಅಂತ ಏನು ನೋಡಿ ಹೇಳುತ್ತೀರಿ?