ಟೆಕ್ಸಾಸ್‌ನಲ್ಲಿ ಮಗಳಿಗೆ ಐಬಿ ಡಿಪ್ಲೊಮಾನಾ, ಎಪಿ ಕೋರ್ಸಾ?

ಪ್ರಶ್ನೆ: ಡಲ್ಲಾಸ್ ಹತ್ತಿರ ಇದ್ದೇವೆ. ಮಗಳು 10ನೇ ತರಗತಿ. ಎಂಜಿನಿಯರಿಂಗ್ ಓದುವ ಆಸೆ, ಭರತನಾಟ್ಯ ಬಿಡಲೂ ಮನಸ್ಸಿಲ್ಲ. ಶಾಲೆಯಲ್ಲಿ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಎಲ್ಲ ವಿಷಯ ಸೇರಿದ ಅಂತರರಾಷ್ಟ್ರೀಯ ಕೋರ್ಸ್), ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಒಂದೊಂದಾಗಿ ಆರಿಸುವ ಕಾಲೇಜು ಮಟ್ಟದ ಕೋರ್ಸ್‌ಗಳು) ಎರಡೂ ಇವೆ. ನಮ್ಮ ಕಾಲದಲ್ಲಿ ಪಿಸಿಎಂಬಿ ತಗೊಂಡರೆ ಮುಗೀತಿತ್ತು. ಇಲ್ಲಿ ಹೇಗೆ ಆರಿಸೋದು?

ಉತ್ತರ: ನನ್ನ ಮಗ ಐಬಿ ಮುಗಿಸಿದ. ಆರು ವಿಷಯ, ಎರಡು ವರ್ಷ. ಗಣಿತ ಇಷ್ಟವಿದ್ದರೂ ಭಾಷೆ, ಇತಿಹಾಸದಂಥವು ತಪ್ಪೋದಿಲ್ಲ. ಜೊತೆಗೆ 4,000 ಪದಗಳವರೆಗಿನ ಪ್ರಬಂಧ. ಅದಕ್ಕಾಗಿ ಅವನು ನಮ್ಮ ಮನೆ ನಲ್ಲಿ ನೀರಿನ ಗಡಸುತನ ಅಳೆದ. ಬ್ಯುರೆಟ್ ಅನ್ನೋ ಅಳತೆ ಕೊಳವೆಯಿಂದ ದ್ರಾವಣವನ್ನು ಹನಿ ಹನಿ ಬಿಡುತ್ತಾ, ಕೆಂಪು ಬಣ್ಣ ನೀಲಿಗೆ ತಿರುಗುವವರೆಗೆ ಕಣ್ಣು ಮಿಟುಕಿಸದೆ ಕೂರುತ್ತಿದ್ದ. ಹಾಗೆ ಒಂದೇ ಪ್ರಶ್ನೆಯ ಬೆನ್ನು ಹತ್ತುವುದು ನಿಮ್ಮ ಮಗಳಿಗೆ ಖುಷಿ ಕೊಡುತ್ತಾ ನೋಡಿ. ಕೊಟ್ಟರೆ ಧೈರ್ಯವಾಗಿ ಸೇರಿಸಿ. ನೃತ್ಯವನ್ನು ಅಲ್ಲಿನ ಸಿಎಎಸ್ (ಸೃಜನಶೀಲತೆ, ಚಟುವಟಿಕೆ, ಸೇವೆ) ಭಾಗಕ್ಕೆ ಸೇರಿಸಿಕೊಳ್ಳಬಹುದು. ಇನ್ನೊಂದು ವಿಷಯ: ಡಿಪ್ಲೊಮಾ ಪಡೆದು, ಎಲ್ಲ ಪರೀಕ್ಷೆಗಳಲ್ಲಿ 7ಕ್ಕೆ 4 ಅಥವಾ ಜಾಸ್ತಿ ಬಂದರೆ ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳು ಕನಿಷ್ಠ 24 ಕ್ರೆಡಿಟ್ (ಪದವಿಗೆ ಲೆಕ್ಕವಾಗುವ ಓದಿನ ಅಂಶ) ಕೊಡಲೇಬೇಕು.

ಮತ್ತೊಬ್ಬರು: ನಾನು ಎಪಿ ಓದಿ ಈಗ ಮೆಕ್ಯಾನಿಕಲ್ ಮಾಡುತ್ತಿದ್ದೇನೆ. ಎಪಿಯ ‘ಕ್ಯಾಲ್ಕುಲಸ್ BC’, ‘ಫಿಸಿಕ್ಸ್ C’ ಅನ್ನೋ ಕೋರ್ಸ್‌ಗಳೇ ಬೇಕಾದಷ್ಟಾಯಿತು. ಬೇಕಾದ ವಿಷಯ ಮಾತ್ರ ತಗೋಬಹುದು, ಪರೀಕ್ಷೆ ಮೇ ತಿಂಗಳಲ್ಲಿ. ಅರಂಗೇಟ್ರಂ ಇದ್ದರೆ ಎಪಿಯೇ ಸಲೀಸು.

ಪ್ರಶ್ನೆ ಕೇಳಿದವರು: ಅರಂಗೇಟ್ರಂ ಮುಂದಿನ ಬೇಸಿಗೆಗೇ ಇದೆ! ಐಬಿಯಲ್ಲಿ ಪ್ರಬಂಧದ ಕೆಲಸವೂ ಆಗಲೇ ಜೋರಾಗಿರುತ್ತಾ?

ಉತ್ತರ: ಹೌದು, ನನ್ನ ಮಗನ ಶಾಲೆಯಲ್ಲಿ ಕರಡು ಬರೆಯೋದು ಅದೇ ಬೇಸಿಗೆಯಲ್ಲಿ. ಹಾಗಿದ್ದರೆ ನಾನೂ ಎಪಿ ಅಂತಲೇ ಹೇಳುತ್ತೇನೆ.