ಅಭ್ಯಾಸದಲ್ಲಿ ಹುಲಿ, ಸ್ಪರ್ಧೆಯಲ್ಲಿ ಏಕೆ ಹೀಗೆ? ಕ್ರೀಡಾ ಮನಶ್ಶಾಸ್ತ್ರಜ್ಞೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ದಸರಾ ಕ್ರೀಡಾಕೂಟ ಹತ್ತಿರವಾಗುತ್ತಿದ್ದಂತೆ ಗುಂಪಿನಲ್ಲಿ ಪೋಷಕರದೂ ತರಬೇತುದಾರರದೂ ಒಂದೇ ದೂರು: ಅಭ್ಯಾಸದಲ್ಲಿ ಚೆನ್ನಾಗಿ ಆಡುವವರು ಸ್ಪರ್ಧೆಯಲ್ಲಿ ಕೈಕೊಡುತ್ತಾರೆ. ಮೈಸೂರಿನಲ್ಲಿ ಕ್ರೀಡಾಪಟುಗಳೊಂದಿಗೆ ಕೆಲಸ ಮಾಡುವ ಮನಶ್ಶಾಸ್ತ್ರಜ್ಞೆಯೊಬ್ಬರು ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆ ಕೇಳಿದವರ ಹೆಸರುಗಳನ್ನು ತೆಗೆದಿದ್ದೇವೆ.

ಪ್ರಶ್ನೆ (ಮಂಡ್ಯದ ಓಟಗಾರ್ತಿಯ ತಂದೆ): ನಮಸ್ಕಾರ ಮೇಡಂ. ಮಗಳು ದ್ವಿತೀಯ ಪಿಯುಸಿ, 800 ಮೀಟರ್ ಓಡುತ್ತಾಳೆ. ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಅಭ್ಯಾಸ ಮಾಡುವಾಗ 2 ನಿಮಿಷ 24 ಸೆಕೆಂಡಿನಲ್ಲಿ ಮುಗಿಸುತ್ತಾಳೆ. ಮೈಸೂರಿನ ಚಾಮುಂಡಿ ವಿಹಾರಕ್ಕೆ ಬಂದು ಸ್ಪರ್ಧೆಗೆ ನಿಂತರೆ 2:31. ಕೈಕಾಲು ತಣ್ಣಗಾಗುತ್ತವೆ, ಬಾಯಿ ಒಣಗುತ್ತದೆ ಎನ್ನುತ್ತಾಳೆ. ಇವಳ ಮನಸ್ಸೇ ದುರ್ಬಲ ಎಂದು ಊರಿನಲ್ಲಿ ಹೇಳುವವರಿದ್ದಾರೆ. ತರಬೇತುದಾರರು ಪ್ರತಿ 200 ಮೀಟರ್‌ಗೆ ಬರೆದಿಟ್ಟ ಸಮಯ ಹೀಗಿದೆ. ಅಭ್ಯಾಸದಲ್ಲಿ 35, 36, 37, 36. ಸ್ಪರ್ಧೆಯಲ್ಲಿ 32, 36, 42, 41.

ಉತ್ತರ: ಯಜಮಾನರೇ, ಆ ಸಮಯಗಳನ್ನು ಕಳುಹಿಸಿದ್ದಕ್ಕೆ ಮೊದಲು ನಿಮ್ಮ ತರಬೇತುದಾರರಿಗೆ ನಮಸ್ಕಾರ ಹೇಳಿ. ‘ಮನಸ್ಸು ದುರ್ಬಲ’ ಎಂಬ ಮಾತಿಗೆ ಉತ್ತರ ಅದರಲ್ಲೇ ಇದೆ.

ಸ್ಪರ್ಧೆಯಲ್ಲಿ ಮೊದಲ ಸುತ್ತು 68 ಸೆಕೆಂಡು, ಎರಡನೆಯದು 83. ಹದಿನೈದು ಸೆಕೆಂಡುಗಳ ವ್ಯತ್ಯಾಸ. 800 ಮೀಟರ್‌ನಲ್ಲಿ ಮೊದಲ ಸುತ್ತು ಕೊಂಚ ವೇಗವಾಗಿರುವುದು ಸಹಜ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೆನ್ಯಾದ ಓಟಗಾರ ಡೇವಿಡ್ ರುಡಿಶಾ 1:40.91ರ ವಿಶ್ವದಾಖಲೆ ಮಾಡಿದಾಗ ಮೊದಲ ಸುತ್ತು 49.28, ಎರಡನೆಯದು ಅದಕ್ಕಿಂತ ಎರಡು ಸೆಕೆಂಡಿಗೆ ಸ್ವಲ್ಪ ಹೆಚ್ಚು, ಅಷ್ಟೇ. ನಿಮ್ಮ ಮಗಳು ಅಂಜಿ ನಿಧಾನವಾಗಿ ಓಡಿಲ್ಲ. ಅಂಜಿಕೆಯಲ್ಲಿ ಮೊದಲ 200 ಮೀಟರನ್ನು ಅತಿ ವೇಗವಾಗಿ ಓಡಿದ್ದಾಳೆ. ಅಡ್ರಿನಲಿನ್ ಏರಿದಾಗ ವೇಗದ ಅಂದಾಜು ತಪ್ಪುತ್ತದೆ. 32 ಸೆಕೆಂಡಿನ ಓಟ ಆ ಕ್ಷಣಕ್ಕೆ 35ರಷ್ಟೇ ಹಗುರ ಎನ್ನಿಸುತ್ತದೆ. ಮೊದಲ ವಾರದಲ್ಲೇ ಸಂಬಳ ಕರಗಿಸಿದವರ ತಿಂಗಳ ಕೊನೆ ಹೇಗಿರುತ್ತದೋ ಹಾಗಿದೆ ಆ 42, 41.

ಅಭ್ಯಾಸದಲ್ಲೂ ಹೀಗೆ ಸುಸ್ತಾಗುತ್ತಿದ್ದರೆ ನಾನು ಮನಸ್ಸಿನ ಮಾತನ್ನೇ ಎತ್ತುತ್ತಿರಲಿಲ್ಲ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದು ತಾಯಿ ವಿಚಾರಿಸಲಿ, ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ ನೋಡಿ ಎನ್ನುತ್ತಿದ್ದೆ. ಓಡುವ ಹೆಣ್ಣುಮಕ್ಕಳ ವಿಷಯದಲ್ಲಿ ಇವನ್ನು ಕೇಳದೆ ‘ಧೈರ್ಯ ತಂದುಕೋ’ ಎನ್ನುವುದು ಅನ್ಯಾಯ.

ಈಗ ಮಾಡಬೇಕಾದದ್ದು. ಕೈ ತಣ್ಣಗಾಗುವುದನ್ನು ನಿಲ್ಲಿಸಲು ಹೋಗಬೇಡಿ. ರಕ್ತ ದೊಡ್ಡ ಸ್ನಾಯುಗಳ ಕಡೆಗೆ ಹರಿಯುವಾಗ ಬೆರಳು ತಣ್ಣಗಾಗುತ್ತದೆ. ಮೈ ಓಟಕ್ಕೆ ಸಜ್ಜಾಗುವ ಬಗೆ ಅದು. ಇದನ್ನು ಅವಳಿಗೆ ಬಿಡಿಸಿ ಹೇಳಿ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಾಡುವ, ಭಾಷಣ ಮಾಡುವ ಮುನ್ನ ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ನನಗೆ ಹುರುಪು ಬಂದಿದೆ’ ಎಂದುಕೊಂಡವರು ಚೆನ್ನಾಗಿ ನಿಭಾಯಿಸಿದರು. ಅವರು ಓಟಗಾರರಲ್ಲ ನಿಜ. ಆದರೂ ನನ್ನ ಬಳಿ ಬರುವ ಮಕ್ಕಳಿಗೆ ‘ಹೆದರಬೇಡ’ ಎನ್ನುವುದಕ್ಕಿಂತ ಇದು ಎಷ್ಟೋ ಪಾಲು ಒಗ್ಗುತ್ತದೆ.

ಉಸಿರಾಟ: ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ನಿಮಿಷಕ್ಕೆ ಸುಮಾರು ಆರು ಉಸಿರು. ಉಸಿರು ಬಿಡುವಾಗ ವೇಗಸ್ ನರದ ಹಿಡಿತ ಹೆಚ್ಚಿ ಎದೆಬಡಿತ ತುಸು ನಿಧಾನವಾಗುತ್ತದೆ, ಆದ್ದರಿಂದ ಬಿಡುವುದು ಉದ್ದವಿರಲಿ. ಇದನ್ನು ಮನೆಯಲ್ಲಿ ದಿನವೂ ಐದು ನಿಮಿಷ ಮಾಡಿ ರೂಢಿಯಾಗಿದ್ದರೆ ಮಾತ್ರ ಸ್ಪರ್ಧೆಯ ದಿನ ಕೆಲಸಕ್ಕೆ ಬರುತ್ತದೆ. ಹೆಸರು ಕೂಗುವ ತನಕ ಕಾಯುವಾಗ ಮಾಡಲಿ; ಗೆರೆಯ ಮೇಲೆ ನಿಂತ ಮೇಲೆ ಬೇಡ.

ಇನ್ನು ಅವಳೇ ಆರಿಸಿಕೊಂಡ ಒಂದೊಂದು ಪದ. ಮೊದಲ 200ಕ್ಕೆ ‘ಹದ’, ಕಾಲು ಭಾರವಾಗುವ ಮೂರನೆಯ 200ಕ್ಕೆ ‘ತೋಳು’, ಕೊನೆಗೆ ‘ನುಗ್ಗು’, ಹೀಗೆ. ಮೂರನೆಯದರಲ್ಲಿ ‘ಗೆಲ್ಲಬೇಕು’ ಎಂದುಕೊಂಡರೆ ಪ್ರಯೋಜನವಿಲ್ಲ. ತೋಳು ಬೀಸುವುದು ಅವಳ ಕೈಯಲ್ಲಿದೆ, ಗೆಲುವು ಇಲ್ಲ. ವಾರಕ್ಕೊಮ್ಮೆ ಅಭ್ಯಾಸವನ್ನೇ ಸ್ಪರ್ಧೆಯಂತೆ ನಡೆಸಲು ತರಬೇತುದಾರರನ್ನು ಕೇಳಿ. ಎದೆಗೆ ಸಂಖ್ಯೆ, ಸೀಟಿ, ಮೈ ಬೆಚ್ಚಗಾದ ಮೇಲೆ ಇಪ್ಪತ್ತು ನಿಮಿಷ ಸುಮ್ಮನೆ ಕಾಯಿಸುವುದು, ಪಕ್ಕದಲ್ಲಿ ಜೋರಾಗಿ ನುಗ್ಗುವ ಒಬ್ಬ ಹುಡುಗ. ಅವನ ಹಿಂದೆ ಓಡದೆ 35ಕ್ಕೆ 200 ಮುಟ್ಟಿದರೆ ಅಂದಿನ ಪಾಠ ಮುಗಿಯಿತು, ಉಳಿದದ್ದನ್ನು ಓಡದಿದ್ದರೂ ಸರಿ.

ಅದೇ ತಂದೆ: ಬಹಳ ಉಪಕಾರವಾಯಿತು ಮೇಡಂ. ನಾನು ಏನು ಮಾಡಲಿ? ಸ್ಪರ್ಧೆಗೆ ನಾನೇ ಕರೆದುಕೊಂಡು ಬರುತ್ತೇನೆ.

ಉತ್ತರ: ಬಸ್ಸಿನಲ್ಲಿ ಸಮಯದ ಮಾತು ಬೇಡ. ಓಟ ಮುಗಿದ ಮೇಲೆ ನಿಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ ‘ಎಷ್ಟಾಯಿತು?’ ಆಗಿರದಿರಲಿ. ಏನಾದರೂ ತಿನ್ನೋಣವೇ ಎಂದು ಕೇಳಿ. ಓಟದ ಲೆಕ್ಕ ಮರುದಿನ, ತರಬೇತುದಾರರೊಂದಿಗೆ.

ಪ್ರಶ್ನೆ (ಕುವೆಂಪುನಗರದ ಈಜುಪಟು): ಕಣ್ಣು ಮುಚ್ಚಿ ಪದಕ ಹಾಕಿಸಿಕೊಳ್ಳುವುದನ್ನು ಕಲ್ಪಿಸಿಕೊಳ್ಳಿ, ಗೆಲ್ಲುತ್ತೀರಿ ಎನ್ನುವ ವಿಡಿಯೊಗಳು ಸಾಲುಸಾಲಾಗಿ ಬರುತ್ತವೆ. ಇದರಲ್ಲಿ ಸತ್ಯವೆಷ್ಟು?

ಉತ್ತರ: ಪದಕದ ಕನಸು ಕಾಣಲು ತರಬೇತಿ ಬೇಕಿಲ್ಲ ತಮ್ಮಾ, ಅದು ಎಲ್ಲರಿಗೂ ತಾನಾಗಿ ಬೀಳುತ್ತದೆ. ಕಲ್ಪನೆಯಲ್ಲಿ ತಾಲೀಮು ಮಾಡಬೇಕಾದದ್ದು ಕಷ್ಟದ ಭಾಗವನ್ನು.

2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಅಮೆರಿಕದ ಈಜುಪಟು ಮೈಕಲ್ ಫೆಲ್ಪ್ಸ್ ಅವರ ಈಜುಗನ್ನಡಕದೊಳಗೆ ನೀರು ನುಗ್ಗಿ ಗೋಡೆಯೇ ಕಾಣದಂತಾಯಿತು. ಅವರು ಕೈಬೀಸುಗಳನ್ನು ಎಣಿಸಿಕೊಂಡು ಈಜಿ 1:52.03ರ ವಿಶ್ವದಾಖಲೆಯೊಂದಿಗೆ ಗೆದ್ದರು. ಎಡವಟ್ಟಾದರೆ ಏನು ಮಾಡಬೇಕೆಂಬುದನ್ನೂ ಮನಸ್ಸಿನಲ್ಲಿ ಮೊದಲೇ ಈಜಿ ನೋಡುವ ಅಭ್ಯಾಸ ಅವರಿಗಿತ್ತು. ನಿಮ್ಮ ಕೊಳದಲ್ಲಿ ನಿಮಗೆ ಒಂದು ಉದ್ದಕ್ಕೆ ಎಷ್ಟು ಕೈಬೀಸು ಬೇಕೆಂಬುದು ಗೊತ್ತೇ? ಗೊತ್ತಿಲ್ಲದಿದ್ದರೆ ನಾಳೆ ಎಣಿಸಿ.

ಒಂದು ಪರೀಕ್ಷೆ ಮಾಡಿ ನೋಡಿ. ಸ್ಟಾಪ್‌ವಾಚ್ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ನಿಮ್ಮ 200 ಮೀಟರನ್ನು ಮನಸ್ಸಿನಲ್ಲೇ ಈಜಿ, ಗೋಡೆ ಮುಟ್ಟಿದಾಗ ಒತ್ತಿ. ನಿಜದಲ್ಲಿ ಎರಡೂವರೆ ನಿಮಿಷ ಹಿಡಿಯುವುದು ಮನಸ್ಸಿನಲ್ಲಿ ಒಂದೂ ಮುಕ್ಕಾಲಿಗೆ ಮುಗಿದರೆ ನೀವು ಎಲ್ಲೋ ಹಾರಿಸಿದ್ದೀರಿ. ಹೆಚ್ಚಿನವರು ಹಾರಿಸುವುದು ಭುಜ ಉರಿಯಲು ಶುರುವಾಗುವ ಮೂರನೆಯ ಐವತ್ತನ್ನು. ಆ ಉರಿ, ಕ್ಲೋರಿನ್ ವಾಸನೆ, ತಿರುವಿನಲ್ಲಿ ಪಾದಕ್ಕೆ ತಾಗುವ ಗೋಡೆ, ಎಲ್ಲವೂ ಬರಲಿ. ದಿನಕ್ಕೆ ಎರಡು ಸಲ ಸಾಕು. ಈಜದೆ ಬರೀ ಕಲ್ಪಿಸಿಕೊಂಡರೆ ಏನೂ ಆಗದು ಎಂದು ಬೇರೆ ಹೇಳಬೇಕಿಲ್ಲವಲ್ಲ.

ಪ್ರಶ್ನೆ (ಮೈಸೂರಿನ ಪೈಲ್ವಾನ್): ದಸರಾ ನಾಡಕುಸ್ತಿಗೆ ಜೋಡಿ ಕಟ್ಟಿದ ದಿನದಿಂದ ಎದುರಾಳಿಯ ಮುಖವೇ ಕಣ್ಣ ಮುಂದೆ. ಹಿಂದಿನ ರಾತ್ರಿಯಂತೂ ನಿದ್ದೆ ಇಲ್ಲ. ಉಸ್ತಾದರು ಕಟ್ಟಿದ ತಾಯಿತ ಇಲ್ಲದೆ ಮಟ್ಟಿಗೆ (ಕುಸ್ತಿಯ ಮಣ್ಣಿನ ಅಖಾಡಕ್ಕೆ) ಇಳಿಯಲು ಧೈರ್ಯವಿಲ್ಲ. ಇದು ಮೂಢನಂಬಿಕೆಯೇ ಮೇಡಂ?

ಉತ್ತರ: ತಾಯಿತ ಇರಲಿ, ಅದರ ತಂಟೆಗೆ ನಾನು ಬರುವುದಿಲ್ಲ. ಆದರೆ ಅದು ಕಳೆದುಹೋದ ದಿನ ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರ ನಿಮ್ಮ ಬಳಿ ಇರಬೇಕು. ಆ ಉತ್ತರ ನಿಮ್ಮ ಗರಡಿಯಲ್ಲೇ ಇದೆ. ಮಟ್ಟಿಗೆ ಇಳಿಯುವಾಗ ಮಣ್ಣು ಮುಟ್ಟಿ ನಮಸ್ಕರಿಸುತ್ತೀರಿ, ಅಂಗೈಗೆ ಮಣ್ಣು ತಿಕ್ಕಿಕೊಳ್ಳುತ್ತೀರಿ, ತೊಡೆ ತಟ್ಟುತ್ತೀರಿ. ನಾವು ಕ್ರೀಡಾಪಟುಗಳಿಗೆ ಶ್ರಮಪಟ್ಟು ಕಟ್ಟಿಕೊಡುವ ಸ್ಪರ್ಧಾಪೂರ್ವ ದಿನಚರಿ ಇದೇ. ಪ್ರತಿ ಸಲ ಅದೇ ಕ್ರಮ, ಅದೇ ನಿಧಾನ. ತೊಡೆ ತಟ್ಟಿದ ಮೇಲೆ ಮೊದಲು ಹಾಕುವ ಪಟ್ಟು ಯಾವುದೆಂದು ಒಂದೇ ಒಂದು ಯೋಚನೆ. ಗರಡಿಯಲ್ಲಿ ಜೊತೆಗಾರನೊಂದಿಗೆ ಹಿಡಿಯುವಾಗಲೂ ಇದನ್ನು ಬಿಡದೆ ಮಾಡಿ.

ಬಿಲ್ಲುಗಾರನಿಗೆ ಬೇಕಾದ ತಣ್ಣಗಿನ ಸ್ಥಿತಿ ನಿಮಗೆ ಬೇಕಿಲ್ಲ. ಮೈಯಲ್ಲಿ ಬಿಸಿ ಇರಬೇಕು. ಎಷ್ಟು ಎಂಬುದು ಒಬ್ಬೊಬ್ಬರಿಗೆ ಒಂದೊಂದು. ನೀವು ಚೆನ್ನಾಗಿ ಹಿಡಿದ ಮೂರು ಕುಸ್ತಿಗಳನ್ನು ನೆನೆದು, ಅಂದು ಹತ್ತಕ್ಕೆ ಎಷ್ಟು ಬಿಸಿ ಇತ್ತೆಂದು ಬರೆದುಕೊಳ್ಳಿ. ಅದೇ ನಿಮ್ಮ ಅಳತೆ.

ನಿದ್ದೆಯ ವಿಷಯ ಚಿಕ್ಕದು. ಒಂದು ರಾತ್ರಿ ನಿದ್ದೆ ಕಡಿಮೆಯಾದರೆ ತೋಳಿನ ಬಲ ಅಷ್ಟೇನೂ ಇಳಿಯುವುದಿಲ್ಲ, ನಿದ್ದೆ ಬರಲಿಲ್ಲವಲ್ಲ ಎಂಬ ಕೊರಗೇ ಹೆಚ್ಚು ತಿನ್ನುತ್ತದೆ. ಅದಕ್ಕೆ ಮುಂಚಿನ ವಾರವಿಡೀ ಹೊತ್ತಿಗೆ ಸರಿಯಾಗಿ ಮಲಗಿ. ಎದುರಾಳಿಯ ಹಳೆಯ ಕುಸ್ತಿಯ ವಿಡಿಯೊಗಳನ್ನು ಸಂಜೆ ಆರರ ಮೇಲೆ ನೋಡಬೇಡಿ.

ಪ್ರಶ್ನೆ (ಪ್ರೌಢಶಾಲೆಯ ದೈಹಿಕ ಶಿಕ್ಷಕ, ತಿ. ನರಸೀಪುರ ತಾಲ್ಲೂಕು): ನಮ್ಮ ಖೋ-ಖೋ ಹುಡುಗಿಯರು ಒಂದು ತಪ್ಪು ಮಾಡಿದರೆ ಸಾಕು, ಸಾಲಾಗಿ ನಾಲ್ಕು ತಪ್ಪು ಮಾಡುತ್ತಾರೆ. ಖೋ ಸಿಗುವ ಮೊದಲೇ ಏಳುತ್ತಾರೆ. ಎಷ್ಟು ಕೂಗಿದರೂ ಕೇಳುವುದಿಲ್ಲ.

ಉತ್ತರ: ಗುರುಗಳೇ, ಕೂಗುವುದರಿಂದಲೇ ಶುರು ಮಾಡೋಣ. ಏನೆಂದು ಕೂಗುತ್ತೀರಿ? ‘ಬೇಗ ಏಳಬೇಡ’ ಎಂದರೆ ಆ ಹುಡುಗಿಯ ತಲೆಯಲ್ಲಿ ಉಳಿಯುವುದು ಬೇಗ ಏಳುವುದೇ. ಮಾಡಬೇಕಾದದ್ದನ್ನು ಹೇಳಿ: ‘ಬೆನ್ನಿಗೆ ಕೈ, ಕಿವಿಗೆ ಖೋ, ಆಮೇಲೆ ಏಳು.’ ತಪ್ಪಾದ ಕ್ಷಣದಲ್ಲಿ ಏನನ್ನೂ ಹೇಳಬೇಡಿ. ಇದು ನಿಮಗೆ ಅವರಿಗಿಂತ ಕಷ್ಟ, ನನಗೆ ಗೊತ್ತು.

ನಿಮ್ಮ ಆಟದಲ್ಲಿ ಒಂದು ಅನುಕೂಲವಿದೆ, ಬೇರೆಯವರಿಗೆ ಅದಿಲ್ಲ. ಅಟ್ಟಿಸಿಕೊಂಡು ಹೋದವಳು ಖೋ ಕೊಟ್ಟು ಕುಳಿತುಕೊಳ್ಳುತ್ತಾಳೆ. ಆ ಕೂರುವ ಹೊತ್ತಿಗೆ ಮೂರು ಕೆಲಸ ಕಲಿಸಿ: ಅಂಗೈಯನ್ನು ಮಂಡಿಗೆ ಒರೆಸಿ ಆದದ್ದನ್ನು ಅಲ್ಲಿಗೆ ಬಿಡುವುದು, ಒಂದು ಉದ್ದನೆಯ ಉಸಿರು ಹೊರಗೆ, ಕಣ್ಣು ಓಡುವವಳ ಸೊಂಟದ ಮೇಲೆ. ಕಾಲು ಮೋಸ ಮಾಡುತ್ತದೆ, ಸೊಂಟ ಮಾಡುವುದಿಲ್ಲ. ಅಭ್ಯಾಸದಲ್ಲಿ ಬೇಕೆಂದೇ ತಪ್ಪು ತೀರ್ಪು ಕೊಟ್ಟು, ಆ ಹುಡುಗಿ ಮುಂದಿನ ಖೋಗೆ ಹೇಗೆ ಎದ್ದಳು ಎಂಬುದಕ್ಕೆ ಮಾತ್ರ ಅಂಕ ಕೊಡಿ.

ನಿಮ್ಮ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿ ಖೋ-ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದವರು. ಸಾಧ್ಯವಾದರೆ ಅವರನ್ನು ಶಾಲೆಗೆ ಕರೆಸಿ. ಸಂಭ್ರಮದ ಭಾಷಣ ಬೇಡ. ತಪ್ಪಾದ ಮೇಲೆ ನೀವು ಏನು ಮಾಡುತ್ತೀರಿ ಅಕ್ಕ ಎಂದು ಮಕ್ಕಳೇ ಕೇಳಲಿ.

ಪ್ರಶ್ನೆ (ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು, 52 ವರ್ಷ): ಕೈಗಡಿಯಾರದಲ್ಲಿ ನಿನ್ನೆಗಿಂತ ಸಮಯ ಹೆಚ್ಚಾದರೆ ದಿನವೆಲ್ಲ ಮನಸ್ಸು ಕೆಡುತ್ತದೆ.

ಉತ್ತರ: ವಾರದಲ್ಲಿ ಮೂರು ದಿನ ಗಡಿಯಾರ ಮನೆಯಲ್ಲಿರಲಿ ಸರ್. ಎದೆನೋವು, ತಲೆ ತಿರುಗುವುದು ಇದ್ದರೆ ನನ್ನನ್ನಲ್ಲ, ಹೃದಯದ ವೈದ್ಯರನ್ನು ನೋಡಿ.

ಪ್ರಶ್ನೆ (ಕಬಡ್ಡಿ ಆಟಗಾರ, ಮಂಡ್ಯ ಜಿಲ್ಲೆ): ಮೊಣಕಾಲಿನ ಎಸಿಎಲ್ (ಕೀಲಿನೊಳಗಿನ ಅಸ್ಥಿಬಂಧ) ಶಸ್ತ್ರಚಿಕಿತ್ಸೆಯಾಗಿ ಐದು ತಿಂಗಳಾಯಿತು. ಮೈದಾನದ ಕಡೆ ತಲೆ ಹಾಕಿಲ್ಲ. ಊಟ ಸೇರುವುದಿಲ್ಲ, ಸ್ನೇಹಿತರ ಫೋನ್ ಎತ್ತುವುದಿಲ್ಲ. ಕೆಲವೊಮ್ಮೆ ಇದ್ದು ಏನು ಪ್ರಯೋಜನ ಎನ್ನಿಸುತ್ತದೆ. ಮನೋಬಲ ಹೆಚ್ಚಿಸಿಕೊಳ್ಳುವುದು ಹೇಗೆ?

ಉತ್ತರ: ತಮ್ಮಾ, ಇದನ್ನು ಇಲ್ಲಿ ಬರೆದದ್ದು ಒಳ್ಳೆಯದಾಯಿತು. ನಿಮಗೆ ಖಾಸಗಿಯಾಗಿಯೂ ಸಂದೇಶ ಕಳುಹಿಸಿದ್ದೇನೆ, ದಯವಿಟ್ಟು ಇಂದೇ ನೋಡಿ. ಮೇಲೆ ನಾನು ಬರೆದ ಉಸಿರಾಟ, ಪದ, ಕಲ್ಪನೆ ಯಾವುದೂ ಈಗ ನಿಮಗಲ್ಲ. ಇದು ಮನೋಬಲದ ಕೊರತೆಯಲ್ಲ. ಚಿಕಿತ್ಸೆ ಬೇಕಾದ, ಚಿಕಿತ್ಸೆಗೆ ಬಗ್ಗುವ ಸ್ಥಿತಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ, ಹಣವಿಲ್ಲ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗವಿದೆ. ಮನೆಯಲ್ಲಿ ನೀವು ನಂಬುವ ಒಬ್ಬರಿಗೆ, ನನಗೆ ಬರೆದ ಇದೇ ಮಾತನ್ನು ತೋರಿಸಿ, ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಸಾಯುವ ಯೋಚನೆ ಬಲವಾದರೆ ಒಬ್ಬರೇ ಇರಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ, ಇಲ್ಲವೇ 112ಕ್ಕೆ ಕರೆ ಮಾಡಿ.

ಕನ್ನಡಕದಲ್ಲಿ ನೀರು ತುಂಬಿಯೂ ಗೆದ್ದ ಫೆಲ್ಪ್ಸ್ ಕಥೆ ಮೇಲೆ ಹೇಳಿದೆನಲ್ಲ, 2012ರ ಒಲಿಂಪಿಕ್ಸ್ ನಂತರ ಬದುಕುವುದೇ ಬೇಡ ಎನ್ನಿಸಿತ್ತು ಎಂದು ಅವರೇ ಬಹಿರಂಗವಾಗಿ ಹೇಳಿದ್ದಾರೆ. ನೆರವು ಪಡೆದರು, ಮತ್ತೆ 2016ರ ಒಲಿಂಪಿಕ್ಸ್‌ನಲ್ಲಿ ಈಜಿದರು. ಎಸಿಎಲ್ ಆದ ಮೇಲೆ ಆಟಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು, ಹಾಗಾಗಿ ಐದು ತಿಂಗಳಿಗೆ ನೀವು ಹಿಂದೆ ಬಿದ್ದಿಲ್ಲ. ಕಾಲಿನ ಮಾತು ಆಮೇಲೆ ಆಡೋಣ. ಮೊದಲು ಆ ಕರೆ.

(ನಿರ್ವಾಹಕರು: ಈ ಸದಸ್ಯರು ಅಣ್ಣನೊಂದಿಗೆ ಆಸ್ಪತ್ರೆಗೆ ಹೋಗಿ ಬಂದಿರುವುದಾಗಿ ತಿಳಿಸಿದ್ದಾರೆ. ಅವರ ಅನುಮತಿ ಪಡೆದೇ ಈ ಪ್ರಶ್ನೆಯನ್ನು ಉಳಿಸಿಕೊಂಡಿದ್ದೇವೆ. ದಯವಿಟ್ಟು ಯಾರೂ ಅವರು ಯಾರೆಂದು ವಿಚಾರಿಸಬೇಡಿ.)

ಪ್ರಶ್ನೆ (ಪೋಷಕರು, ಮೈಸೂರು): ‘ಮೂರೇ ದಿನದಲ್ಲಿ ಸೋಲಿನ ಭಯ ಮಾಯ’ ಎಂಬ ಜಾಹೀರಾತು ನೋಡಿದೆವು. ಯಾರನ್ನು ನಂಬುವುದು?

ಉತ್ತರ: ಮೂರು ದಿನದಲ್ಲಿ ಮಾಯವಾಗುವುದು ನಿಮ್ಮ ದುಡ್ಡು. ಚಿಕಿತ್ಸಾ ಮನಶ್ಶಾಸ್ತ್ರಜ್ಞ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಸಂಖ್ಯೆ ಕೇಳಲು ಸಂಕೋಚ ಬೇಡ. ಕ್ರೀಡೆಗೆಂದು ಬಂದವರಾದರೆ ಓದಿದ್ದೇನು ಎಂದು ಕೇಳಿ, ಮಗುವಿನ ಅಭ್ಯಾಸ ನೋಡಲು ಮೈದಾನಕ್ಕೆ ಬರುತ್ತೀರಾ ಎಂದೂ ಕೇಳಿ. ಕುರ್ಚಿ ಬಿಟ್ಟು ಏಳದವರಿಂದ ಹೆಚ್ಚೇನೂ ಆಗದು. ಇನ್ನೊಂದು, ಮಗು ಹೇಳಿದ್ದನ್ನೆಲ್ಲ ನಿಮಗೆ ಒಪ್ಪಿಸುತ್ತೇನೆ ಎನ್ನುವವರ ಬಳಿ ಬಿಡಬೇಡಿ. ಜೀವಕ್ಕೆ ಅಪಾಯವಿದ್ದರೆ ತಿಳಿಸುತ್ತೇನೆ, ಉಳಿದದ್ದು ನಮ್ಮಿಬ್ಬರ ನಡುವೆ ಎನ್ನುವವರ ಬಳಿ ಬಿಡಿ.